ಎಲುಬು ಬಿಡಿಸಿ, ತಣ್ಣಗಾಗಿಸಿ. ಸ್ಲೈಸರ್ ಮಾತು ಆಮೇಲೆ

ಪ್ರಶ್ನೆ: ನಾವು ಬೀದರಿನವರು. ಬಕ್ರೀದ್‌ಗೆ, ಮನೆಯ ದಾವತ್‌ಗಳಿಗೆ ಪಸಂದೆ (ಬಡಿದು ತೆಳುಮಾಡಿದ ಮಾಂಸದ ಹೋಳಿನ ಅಡುಗೆ) ಮತ್ತು ಪತ್ಥರ್ ಕಾ ಗೋಷ್ತ್ (ಕಾದ ಕಲ್ಲಿನ ಮೇಲೆ ಸುಟ್ಟ ಮಾಂಸ) ಮಾಡುತ್ತೇವೆ. ಬೇಸಿಗೆಯಲ್ಲಿ ಖಂಡ ಒಣಗಿಸಿ ಇಡುವ ರೂಢಿಯೂ ಇದೆ. ಒಮ್ಮೆಗೆ ಮೂರು ನಾಲ್ಕು ಕಿಲೋ ಮಾಂಸವನ್ನು ತೆಳ್ಳಗೆ ಕೊಯ್ಯುವ ಕೆಲಸ ನನ್ನ ಪಾಲಿನದು. ಈಗ ಮಣಿಕಟ್ಟಿನ ನೋವು ಶುರುವಾಗಿರುವುದರಿಂದ ವಿದ್ಯುತ್ ಸ್ಲೈಸರ್ ಕೊಳ್ಳುವ ಯೋಚನೆಯಲ್ಲಿದ್ದೇನೆ. ಇಂಚಿನ ಲೆಕ್ಕ, ವ್ಯಾಟಿನ ಲೆಕ್ಕ ಒಂದೂ ತಲೆಗೆ ಹೋಗುತ್ತಿಲ್ಲ. ಅಮೆರಿಕದಲ್ಲಿರುವ ನಾದಿನಿ ಬರುವಾಗ ಒಂದು ತರುತ್ತೇನೆ ಎನ್ನುತ್ತಿದ್ದಾಳೆ. ಎಂಥದ್ದು ಕೊಳ್ಳಲಿ? ಎಲುಬಿನ ಮಾಂಸಕ್ಕೂ ಅದು ಆಗುತ್ತದೆಯೇ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಎಲುಬಿಗೆ ಆಗುವುದಿಲ್ಲ. ಮನೆಯ ಸಣ್ಣ ಸ್ಲೈಸರ್ ಇರಲಿ, ದೊಡ್ಡ ಹೋಟೆಲಿನ ಸ್ಲೈಸರ್‌ಗೂ ಎಲುಬು ಕೊಡುವಂತಿಲ್ಲ. ಬೆರಳ ತುದಿಯಷ್ಟು ಎಲುಬಿನ ಚೂರು ಸಿಕ್ಕರೂ ಬ್ಲೇಡಿನ ಅಂಚು ಮುಕ್ಕಾಗುತ್ತದೆ. ಒಳಗಿನ ಗೇರು ಪ್ಲಾಸ್ಟಿಕ್ಕಿನದಾಗಿದ್ದರೆ ಅದರ ಹಲ್ಲು ಮುರಿಯುತ್ತದೆ. ರಿಪೇರಿಗೆ ನನ್ನ ಬಳಿ ಬರುವ ಮನೆಬಳಕೆಯ ಸ್ಲೈಸರ್‌ಗಳನ್ನು ಬಿಚ್ಚಿದಾಗ ಕಾಣುವುದು ಬಹುಪಾಲು ಇದೇ ಕಥೆ. ಆನ್‌ಲೈನ್ ಅಂಗಡಿಗಳಲ್ಲಿ ‘ಮಟನ್ ಕಟಿಂಗ್ ಮಷೀನ್’ ಎಂದು ಹುಡುಕಿದರೆ ಎಲುಬು ಸೀಳುತ್ತಿರುವ ಯಂತ್ರದ ಚಿತ್ರವೂ ಬರುತ್ತದೆ. ಅದು ಪಟ್ಟಿ ಗರಗಸದ ಯಂತ್ರ, ಕಸಾಯಿಖಾನೆಯ ಸಾಮಾನು. ಅದನ್ನು ಅಡುಗೆಮನೆಯೊಳಗೆ ತರುವ ಮಾತೇ ಬೇಡ.

ಸ್ಲೈಸರ್ ಹುಟ್ಟಿದ ಬಗೆಯನ್ನು ನೋಡಿದರೆ ಅದರ ಸ್ವಭಾವ ತಿಳಿಯುತ್ತದೆ. 1898ರಲ್ಲಿ ನೆದರ್‌ಲ್ಯಾಂಡ್ಸ್‌ನ ರೋಟರ್‌ಡ್ಯಾಮ್‌ನಲ್ಲಿ ವಿಲ್ಹೆಲ್ಮ್ ವಾನ್ ಬೆರ್ಕೆಲ್ ಎಂಬ ಮಾಂಸದ ವ್ಯಾಪಾರಿ ಇದನ್ನು ರೂಪಿಸಿದ. ತಿರುಗುವ ದುಂಡು ಕತ್ತಿ, ಅದರ ಮುಂದೆ ಹಿಂದಕ್ಕೂ ಮುಂದಕ್ಕೂ ಸರಿಯುವ ತಟ್ಟೆ; ಕೈಯಿಂದ ಚಾಕು ಎಳೆಯುವ ಚಲನೆಯನ್ನೇ ಯಂತ್ರಕ್ಕೆ ಕಲಿಸಿದ್ದು. ಅಲ್ಲಿ ಅದಕ್ಕೆ ಸಿಗುತ್ತಿದ್ದದ್ದು ಉಪ್ಪು ಹಾಕಿ ಹದಗೊಳಿಸಿದ, ಎಲುಬಿಲ್ಲದ, ತಣ್ಣಗೆ ಗಟ್ಟಿಯಾಗಿರುವ ಮಾಂಸ. ನಮ್ಮಲ್ಲಿ ಸಿಗುವುದು ಬೆಳಿಗ್ಗೆ ಕೊಯ್ದು ಒಂಬತ್ತಕ್ಕೆಲ್ಲ ಚೀಲ ಸೇರುವ ಬೆಚ್ಚನೆಯ, ಮೆತ್ತನೆಯ ಮಟನ್. ಇದನ್ನು ಹಾಗೆಯೇ ಸ್ಲೈಸರ್ ಮುಂದೆ ಹಿಡಿದರೆ ಬ್ಲೇಡು ಕೊಯ್ಯುವುದಿಲ್ಲ, ಎಳೆದಾಡುತ್ತದೆ. ಹೋಳು ಒಂದು ಕಡೆ ಕಾಗದದಷ್ಟು ತೆಳುವಾಗಿ, ಇನ್ನೊಂದು ಕಡೆ ಬೆರಳಷ್ಟು ದಪ್ಪವಾಗಿ, ನಡುವೆ ಹರಿದು ಬರುತ್ತದೆ. ಕೊಂಡವರು ‘ದುಡ್ಡು ದಂಡವಾಯಿತು’ ಎಂದು ಯಂತ್ರವನ್ನು ಅಟ್ಟಕ್ಕೆ ಹಾಕುತ್ತಾರೆ. ಯಂತ್ರದ ತಪ್ಪೇನೂ ಅಲ್ಲಿರುವುದಿಲ್ಲ.

ಹಾಗಾಗಿ ನನ್ನ ಸಲಹೆಗೆ ಒಂದು ಷರತ್ತು ಇದೆ. ನಿಮ್ಮ ಫ್ರಿಜ್ಜಿನಲ್ಲಿ ಒಂದಿಡೀ ರಾನ್, ಅಂದರೆ ತೊಡೆ, ಒಂದು ರಾತ್ರಿ ಮಲಗುವಷ್ಟು, ಫ್ರೀಜರಿನಲ್ಲಿ ಬಿಗಿಯಾಗಿ ಸುತ್ತಿದ ಮಾಂಸದ ಮೂರು ನಾಲ್ಕು ಉರುಳೆಗಳು ಹಿಡಿಯುವಷ್ಟು ಜಾಗ ಇದ್ದರೆ ಸ್ಲೈಸರ್ ಕೊಳ್ಳಿ. ನಿಮ್ಮ ಕೆಲಸ ಎಲುಬಿಲ್ಲದ ತೆಳು ಹೋಳಿನದೇ ಆಗಿರುವುದರಿಂದ ಅದು ನಿಮಗೆ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಜಾಗ ಇಲ್ಲದಿದ್ದರೆ ಆ ಹಣದಲ್ಲಿ ಸಣ್ಣ ಡೀಪ್ ಫ್ರೀಜರ್ ಒಂದರ ವಿಚಾರ ಮಾಡಿ. ತಣ್ಣಗೆ ಗಟ್ಟಿಯಾದ ಮಾಂಸವನ್ನು ಹರಿತವಾದ ಉದ್ದನೆಯ ಚಾಕುವಿನಿಂದ ಕೊಯ್ದರೂ ಮಣಿಕಟ್ಟಿಗೆ ಈಗಿನ ಅರ್ಧದಷ್ಟೂ ಶ್ರಮ ಆಗುವುದಿಲ್ಲ. ಸಾರಿಗೂ ಬಿರಿಯಾನಿಗೂ ಮಾತ್ರ ಮಟನ್ ತರುವ ಮನೆಯವರು ನನ್ನನ್ನು ಕೇಳಿದ್ದರೆ ಕೊಳ್ಳಬೇಡಿ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದೆ.

ಮಾಂಸವನ್ನು ತಯಾರು ಮಾಡುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾವ ಕಂಪನಿಯ ಕೈಪಿಡಿಯೂ ನಮ್ಮ ಕಡೆಯ ಮಟನ್ ಲೆಕ್ಕಕ್ಕೆ ಇದನ್ನು ಹೇಳುವುದಿಲ್ಲ. ಕುರ್ಬಾನಿಯ ದಿನವೇ ಪಸಂದೆ ಕೊಯ್ಯಲು ಹೋಗಬೇಡಿ. ಮೊದಲ ದಿನಕ್ಕೆ ಕಲೇಜಿ ಇದೆ, ಎಲುಬಿನ ಸಾಲನ್ ಇದೆ. ಪಸಂದೆ ಮರುದಿನಕ್ಕಿರಲಿ. ಆಗತಾನೇ ಕೊಯ್ದ ಮಾಂಸ ಕೆಲವು ತಾಸುಗಳಲ್ಲಿ ಬಿಗಿದುಕೊಳ್ಳುತ್ತದೆ, ಆಮೇಲೆ ನಿಧಾನವಾಗಿ ಸಡಿಲವಾಗುತ್ತದೆ. ಬಿಗಿಯುವ ಮೊದಲೇ ಎಲುಬಿನಿಂದ ಬಿಡಿಸಿ ಫ್ರೀಜರಿಗೆ ಹಾಕಿದರೆ ಸ್ನಾಯು ಕುಗ್ಗಿ ಗಡುಸಾಗುತ್ತದೆ, ಎಷ್ಟು ಬೇಯಿಸಿದರೂ ರಬ್ಬರಿನಂತೆ ಜಗಿಯಬೇಕು. ಆದ್ದರಿಂದ ರಾನನ್ನು ಎಲುಬಿನ ಸಮೇತ ಇಡಿಯಾಗಿಯೇ ಫ್ರಿಜ್ಜಿನ ಕೆಳ ಅಂತಸ್ತಿನಲ್ಲಿ ಒಂದು ರಾತ್ರಿ ಇಡಿ. ಎಲುಬಿಗೆ ಅಂಟಿಕೊಂಡಿರುವ ಸ್ನಾಯು ಅಷ್ಟಾಗಿ ಕುಗ್ಗಲಾರದು.

ಮರುದಿನ ಎಲುಬು ಬಿಡಿಸುವಾಗ ಚಾಕುವಿನಿಂದ ಅಡ್ಡಾದಿಡ್ಡಿ ಕೊಯ್ಯಬೇಡಿ. ತೊಡೆಯಲ್ಲಿ ಮೂರು ನಾಲ್ಕು ದೊಡ್ಡ ಸ್ನಾಯುಗಳಿವೆ, ಅವುಗಳ ನಡುವೆ ತೆಳುವಾದ ಬಿಳಿ ಪೊರೆ ಇದೆ. ಪೊರೆಯ ಗುಂಟ ಬೆರಳು ಆಡಿಸಿದರೆ ಒಂದೊಂದು ಸ್ನಾಯುವೂ ಇಡಿಯಾಗಿ ಬಿಡಿಸಿಕೊಂಡು ಬರುತ್ತದೆ. ಮಟನ್ ಅಂಗಡಿಯವರು ಪರಿಚಯದವರಾದರೆ ‘ಬೋನ್‌ಲೆಸ್ ಕೊಡಿ, ಆದರೆ ಪೀಸ್ ಮಾಡಬೇಡಿ, ಇಡಿಯಾಗಿ ಬೇಕು’ ಎಂದರೆ ಮಾಡಿಕೊಡುತ್ತಾರೆ. ಮೇಲಿನ ಪೊರೆಯನ್ನು ತೆಗೆಯಿರಿ. ಸ್ಲೈಸರ್‌ಗೆ ಎಲುಬಿನ ನಂತರದ ಶತ್ರು ಈ ಪೊರೆ. ಬ್ಲೇಡಿನ ಹಿಂಬದಿಗೆ ಸುತ್ತಿಕೊಂಡು ಕೂತರೆ ಬಿಚ್ಚದೆ ಹೋಗುವುದಿಲ್ಲ.

ಬಿಡಿಸಿದ ಸ್ನಾಯುವನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಉರುಳೆ ಸುತ್ತಿ ಫ್ರೀಜರಿನಲ್ಲಿಡಿ. ಅರ್ಧ ಕಿಲೋ ಉರುಳೆಗೆ ಒಂದೂವರೆಯಿಂದ ಎರಡೂವರೆ ತಾಸು ಬೇಕಾಗುತ್ತದೆ. ಗಡಿಯಾರಕ್ಕಿಂತ ಬೆರಳನ್ನು ನಂಬಿ: ಹೆಬ್ಬೆರಳಿನಿಂದ ಒತ್ತಿದಾಗ ಹೊರಭಾಗ ಗಟ್ಟಿಯಾಗಿದ್ದು, ಒಳಗೆ ತುಸು ಬಗ್ಗಬೇಕು, ಚಾಕುವಿನ ತುದಿ ಹೊಗಬೇಕು. ಥರ್ಮಾಮೀಟರ್ ಇದ್ದರೆ ಮೈನಸ್ 2ರಿಂದ ಮೈನಸ್ 4 ಡಿಗ್ರಿ ಸೆಲ್ಸಿಯಸ್. ಕಲ್ಲಿನಂತಾದರೆ ಅದೂ ಕೆಟ್ಟದ್ದು, ಎಲುಬಿನಷ್ಟೇ ಹಾನಿ ಮಾಡುತ್ತದೆ. ಅಂಥದ್ದನ್ನು ಫ್ರಿಜ್ಜಿನ ಕೆಳ ಅಂತಸ್ತಿನಲ್ಲಿ ಇಟ್ಟು ಹದಕ್ಕೆ ಬರುವವರೆಗೆ ಕಾಯಬೇಕು. ಉಪ್ಪು, ಅರಿಶಿನ, ಪಪ್ಪಾಯಿ ಪೇಸ್ಟು ಯಾವುದನ್ನೂ ಕೊಯ್ಯುವ ಮೊದಲು ಹಚ್ಚಬೇಡಿ. ಅಲ್ಯೂಮಿನಿಯಂ ಭಾಗಗಳಿಗೆ ಉಪ್ಪು ಆಗಿಬರುವುದಿಲ್ಲ, ಪ್ಲಾಸ್ಟಿಕ್ಕಿಗೆ ಹತ್ತಿದ ಅರಿಶಿನ ಜನ್ಮದಲ್ಲಿ ಹೋಗುವುದಿಲ್ಲ.

ಇನ್ನು ಇಂಚಿನ ಲೆಕ್ಕ. ಬ್ಲೇಡಿನ ವ್ಯಾಸವನ್ನು ಹೇಳುವ ಅಂಕಿ ಅದು. ಮನೆಬಳಕೆಯವು ಸಾಮಾನ್ಯವಾಗಿ ಏಳೂವರೆ ಇಂಚು, ಅಂದರೆ 19 ಸೆಂಟಿಮೀಟರ್. ಹೋಟೆಲಿನವು ಹತ್ತು, ಹನ್ನೆರಡು ಇಂಚು. ವ್ಯಾಸದ ಮೂರನೇ ಎರಡಕ್ಕಿಂತ ಎತ್ತರದ ತುಂಡು ಸಾಮಾನ್ಯವಾಗಿ ಬ್ಲೇಡಿನ ಮುಂದೆ ಹಿಡಿಸುವುದಿಲ್ಲ. ಅಂದರೆ 19 ಸೆಂಟಿಮೀಟರ್ ಬ್ಲೇಡಿಗೆ ಹನ್ನೆರಡು ಸೆಂಟಿಮೀಟರ್ ತುಂಡು. ನಮ್ಮ ಕಡೆಯ ಮೇಕೆಯ ತೊಡೆಯಿಂದ ಬಿಡಿಸಿದ ಸ್ನಾಯು ಅಂಗೈ ಅಗಲದ್ದು. ಅದಕ್ಕೆ ಏಳೂವರೆ ಇಂಚು ಧಾರಾಳವಾಯಿತು. ಅಂಗಡಿಯವರು ‘ಸ್ವಲ್ಪ ಸೇರಿಸಿದರೆ ಹತ್ತು ಇಂಚಿನದೇ ಬರುತ್ತದೆ’ ಎಂದು ಆಸೆ ಹುಟ್ಟಿಸಿದರೆ, ಅದರ ತೂಕವನ್ನು ಒಮ್ಮೆ ಎತ್ತಿ ನೋಡಿ. ಮಣಿಕಟ್ಟು ನೋಯುವವರು ಅದನ್ನು ಕಪಾಟಿನಿಂದ ತೆಗೆದು ಇಡುವುದರಲ್ಲೇ ದಣಿಯುತ್ತಾರೆ.

ವ್ಯಾಸಕ್ಕಿಂತ ಮುಖ್ಯ ಅಂಚು. ಕಡಿಮೆ ಬೆಲೆಯ ಬಹಳಷ್ಟು ಯಂತ್ರಗಳ ಜೊತೆಗೆ ಬರುವುದು ಗರಗಸದಂತೆ ಹಲ್ಲಿರುವ ಬ್ಲೇಡು. ಬ್ರೆಡ್ಡಿಗೆ, ಎಲೆಕೋಸಿಗೆ ಅದು ಚೆನ್ನ. ಹಸಿ ಮಾಂಸವನ್ನು ಹಿಂಜಿ ಹಾಕುತ್ತದೆ. ನಿಮಗೆ ಬೇಕಾದದ್ದು ನಯವಾದ ಅಂಚಿನ ಸ್ಟೇನ್‌ಲೆಸ್ ಬ್ಲೇಡು. ಕೆಲವು ಮಾದರಿಗಳಲ್ಲಿ ಎರಡೂ ಬರುತ್ತವೆ, ಕೆಲವಕ್ಕೆ ನಯವಾದದ್ದನ್ನು ಬೇರೆ ಕೊಳ್ಳಬೇಕು. ಬಿಡಿ ಬ್ಲೇಡು ಭಾರತದಲ್ಲಿ ಸಿಗುತ್ತದೆಯೇ ಎಂಬುದನ್ನು ಯಂತ್ರದ ಬೆಲೆ ಕೇಳುವ ಮೊದಲೇ ಕೇಳಿ. ಬ್ಲೇಡು ಮೊಂಡಾದಾಗ ಬೀದಿಯಲ್ಲಿ ಸಾಣೆ ಹಿಡಿಯುವವರಿಗೆ ಕೊಡುವ ಹಾಗಿಲ್ಲ. ಚಾಕು, ಈಳಿಗೆಗೆ ಅವರ ಕೈ ಪಳಗಿದ್ದರೂ, ದುಂಡು ಬ್ಲೇಡು ಒಂದೆಡೆ ಕೂದಲೆಳೆಯಷ್ಟು ಹೆಚ್ಚು ಸವೆದರೂ ದುಂಡು ತಪ್ಪುತ್ತದೆ, ಆಮೇಲೆ ಅದು ಕೊಯ್ಯುವ ಬದಲು ಬಡಿಯುತ್ತದೆ.

ಮೋಟಾರಿಗೆ 150ರಿಂದ 200 ವ್ಯಾಟ್ ಸಾಕು. ಜಾಹೀರಾತಿನಲ್ಲಿ ಇನ್ನೂ ದೊಡ್ಡ ಅಂಕಿ ಕಂಡರೆ ಮರುಳಾಗಬೇಡಿ. ಯಂತ್ರದ ಹೊಟ್ಟೆಯ ಕೆಳಗೆ ಅಂಟಿಸಿದ ಸಣ್ಣ ಫಲಕವನ್ನು ಓದಿ. ಯುರೋಪಿನ ಕಡೆಯ ಮಾದರಿಗಳಲ್ಲಿ ‘ಕೆಬಿ’ (KB) ಎಂಬ ಎರಡು ಅಕ್ಷರ, ಅದರ ಮುಂದೆ ನಿಮಿಷಗಳ ಅಂಕಿ ಇರುತ್ತದೆ. ನಿಲ್ಲಿಸದೆ ಅಷ್ಟು ನಿಮಿಷ ಮಾತ್ರ ಓಡಿಸಬಹುದು ಎಂಬುದು ಅದರ ಅರ್ಥ. ಐದು, ಹತ್ತು ನಿಮಿಷ ಸಾಮಾನ್ಯ. ಆಮೇಲೆ ಮೋಟಾರು ತಣ್ಣಗಾಗಲು ಬಿಡಬೇಕು. ನಾಲ್ಕು ಕಿಲೋ ಮಾಂಸವನ್ನು ಒಂದೇ ಉಸಿರಿಗೆ ಮುಗಿಸುವ ಹಟ ಬೇಡ. ಒಂದು ಉರುಳೆ ಕೊಯ್ದು, ಹೋಳುಗಳನ್ನು ಫ್ರಿಜ್ಜಿಗೆ ಸೇರಿಸಿ, ಯಂತ್ರ ತಣಿದ ಮೇಲೆ ಮುಂದಿನದು. ಉಳಿದ ಉರುಳೆಗಳು ಆವರೆಗೆ ಫ್ರೀಜರಿನಲ್ಲೇ ಇರಲಿ. ಗೇರು ಲೋಹದ್ದಾದರೆ ಉತ್ತಮ, ಬೆಲ್ಟಿನದಾದರೆ ಸದ್ದು ಕಡಿಮೆ. ಪ್ಲಾಸ್ಟಿಕ್ ಗೇರಿನದು ಅಗ್ಗ, ಹದಕ್ಕೆ ಬಂದ ಮಾಂಸವನ್ನಷ್ಟೇ ಕೊಡುವ ಶಿಸ್ತು ಇರುವವರ ಕೈಯಲ್ಲಿ ಅದೂ ಬಾಳುತ್ತದೆ.

ಆಯ್ಕೆಯಲ್ಲಿ ನಾನು ಬ್ರ್ಯಾಂಡಿನ ಹೆಸರಿಗಿಂತ ಹೆಚ್ಚು ಬೆಲೆ ಕೊಡುವುದು ಆಲೂಗಡ್ಡೆಯ ಪರೀಕ್ಷೆಗೆ. ದೊಡ್ಡದೊಂದು ಹಸಿ ಆಲೂಗಡ್ಡೆ ತೆಗೆದುಕೊಂಡು ಮೂರು ಮಿಲಿಮೀಟರ್ ದಪ್ಪಕ್ಕೆ ಕೊಯ್ಯಿರಿ. ಹೋಳನ್ನು ಬೆಳಕಿಗೆ ಹಿಡಿದು ಮೇಲಂಚು, ಕೆಳಂಚು ನೋಡಿ. ಎರಡೂ ಸಮವಾಗಿದ್ದರೆ ದಪ್ಪ ಹೊಂದಿಸುವ ಫಲಕ ಬಿಗಿಯಾಗಿ ನಿಂತಿದೆ. ಒಂದು ಕಡೆ ದಪ್ಪವಾಗಿದ್ದರೆ ಒತ್ತಡಕ್ಕೆ ಫಲಕ ಬಾಗುತ್ತಿದೆ. ಆ ಯಂತ್ರ ಎಷ್ಟೇ ಹೊಳೆಯಲಿ, ಬೇಡ. ದಪ್ಪ ಹೊಂದಿಸುವ ತಿರುಗುಗುಂಡಿಯ ಮೇಲಿನ ಅಂಕಿಗಳನ್ನು ಮಿಲಿಮೀಟರ್ ಎಂದು ನಂಬಬೇಡಿ, ಎಷ್ಟೋ ಮಾದರಿಗಳಲ್ಲಿ ಅವು ಬರೀ ಗುರುತುಗಳು. ಪ್ಲಗ್ ಕಿತ್ತು, ತಟ್ಟೆಯನ್ನು ಒಂದೇ ಬೆರಳಿನಿಂದ ತಳ್ಳಿ ನೋಡಿ. ಸಲೀಸಾಗಿ ಸರಿಯಬೇಕು, ಅಲುಗಾಡಬಾರದು. ನಿಮ್ಮ ಮಣಿಕಟ್ಟಿಗೆ ಇದೇ ದೊಡ್ಡ ಪರೀಕ್ಷೆ. ತಟ್ಟೆ ತಡೆದರೆ ಚಾಕುವಿನ ನೋವು ತಟ್ಟೆಗೆ ವರ್ಗವಾಯಿತಷ್ಟೆ. ಆನ್‌ಲೈನ್‌ನಲ್ಲಿ ತರಿಸಿದರೆ ಇದನ್ನೆಲ್ಲ ಪೆಟ್ಟಿಗೆ ಬಂದ ದಿನವೇ ಮಾಡಿ ಮುಗಿಸಿ, ವಾಪಸು ಮಾಡುವ ಅವಧಿ ಮುಗಿಯುವವರೆಗೆ ಪೆಟ್ಟಿಗೆಯನ್ನು ಎಸೆಯಬೇಡಿ.

ನಮ್ಮ ಸೀಮೆಗೇ ಸೇರಿದ ಒಂದು ತೊಡಕಿದೆ. ಈ ಯಂತ್ರಗಳ ಕಾಲಿಗೆ ರಬ್ಬರಿನ ಹೀರುಬಟ್ಟಲುಗಳಿರುತ್ತವೆ, ನಯವಾದ ಕಟ್ಟೆಯ ಮೇಲೆ ಕಚ್ಚಿಕೊಳ್ಳುತ್ತವೆ. ಬೀದರ್, ಕಲಬುರಗಿಯ ಹಳೆಯ ಅಡುಗೆಮನೆಗಳ ಕಟ್ಟೆಯೋ ಶಹಾಬಾದ್ ಕಲ್ಲಿನದು. ಪಾಲಿಶ್ ಇಲ್ಲದ ಶಹಾಬಾದ್ ಹಾಸಿನ ಮೇಲೆ ಗಾಳಿ ನುಸುಳುತ್ತದೆ, ಬಟ್ಟಲು ಹಿಡಿಯುವುದಿಲ್ಲ, ತಟ್ಟೆ ತಳ್ಳಿದಾಗಲೆಲ್ಲ ಯಂತ್ರವೇ ತೆವಳುತ್ತದೆ. ಓಡುವ ಬ್ಲೇಡು ತೆವಳುವುದೆಂದರೆ ಅಪಾಯ ಕರೆದಂತೆ. ಕಲ್ಲಿನ ಅಂಗಡಿಯಲ್ಲಿ ಪಾಲಿಶ್ ಮಾಡಿದ ಗ್ರಾನೈಟಿನ ಅಗಲವಾದ ತುಂಡೊಂದು ಕೇಳಿ, ಅದರ ಅಡಿಗೆ ರಬ್ಬರ್ ಚಾಪೆ ಹಾಸಿ, ಗ್ರಾನೈಟಿನ ಮೇಲೆ ಯಂತ್ರ ಇಡಿ. ಪತ್ಥರ್ ಕಾ ಗೋಷ್ತ್ ಮಾಡುವ ಮನೆಯಲ್ಲಿ ಕಲ್ಲಿಗೆ ಬರ ಇರಲಾರದು ಎಂದುಕೊಳ್ಳುತ್ತೇನೆ, ಆದರೆ ಒಲೆಯ ಮೇಲಿಡುವ ಕಲ್ಲನ್ನು ಇದಕ್ಕೆ ಬಳಸಬೇಡಿ.

ನಾದಿನಿಯವರಿಗೆ ಯಂತ್ರ ಬೇಡವೆಂದು ಹೇಳಿಬಿಡಿ. ಅಲ್ಲಿಯದು 120 ವೋಲ್ಟ್, ನಮ್ಮದು 230. ಮರೆತು ನೇರವಾಗಿ ಚುಚ್ಚಿದರೆ ಮೋಟಾರು ಅಲ್ಲೇ ಸುಡುತ್ತದೆ. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಇಟ್ಟು ನಡೆಸಬಹುದು, ಆದರೆ ಅದೇ ಒಂದು ಭಾರವಾದ ಡಬ್ಬ, ಅದಕ್ಕೊಂದು ಜಾಗ, ಅದಕ್ಕೊಂದು ಖರ್ಚು. ಗ್ಯಾರಂಟಿ ಇಲ್ಲಿ ನಡೆಯುವುದಿಲ್ಲ, ಬಿಡಿಭಾಗ ಸಿಗುವುದಿಲ್ಲ. ತರಲೇಬೇಕೆಂದರೆ ಬ್ಲೇಡು ತಾಗಿದರೂ ಸುಲಭಕ್ಕೆ ಹರಿಯದ ಕೈಗವಸು ಒಂದು ಜೊತೆ ತರಲಿ. ತೊಳೆಯುವಾಗ ನಿಮಗೆ ಅದು ದಿನವೂ ನೆನಪಾಗುತ್ತದೆ.

ವಿದ್ಯುತ್ತಿನ ವಿಷಯದಲ್ಲಿ ಇನ್ನೊಂದು ಮಾತು. ಒದ್ದೆ ಕೈ, ಲೋಹದ ಮೈ ಸೇರಿದಾಗ ಅರ್ಥಿಂಗ್ ಗಟ್ಟಿಯಾಗಿರಲೇಬೇಕು. ಮೂರು ಪಿನ್ನಿನ ಪ್ಲಗ್ಗಿನ ಮೂರನೆಯ ಪಿನ್ನನ್ನು ಕಿತ್ತು ಬಳಸುವ ಕೆಟ್ಟ ಚಾಳಿ ಬೇಡ. ಬೀದರ್ ನಿಂತಿರುವುದು ಜಂಬಿಟ್ಟಿಗೆಯ ನೆಲದ ಮೇಲೆ. ಬೇಸಿಗೆಯಲ್ಲಿ ಆ ನೆಲ ಒಣಗಿದಾಗ ಅರ್ಥಿಂಗ್ ಗುಂಡಿ ಹೆಸರಿಗೆ ಮಾತ್ರ ಉಳಿಯುತ್ತದೆ. ಗುಂಡಿಗೆ ನೀರು ಹಾಕಿಸಿ, ಎಲೆಕ್ಟ್ರಿಷಿಯನ್ ಕರೆದು ಪರೀಕ್ಷೆ ಮಾಡಿಸಿ, ಮನೆಯ ಬೋರ್ಡಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಸ್ವಿಚ್ಚು) ಇಲ್ಲದಿದ್ದರೆ ಹಾಕಿಸಿ.

ಕೊಯ್ಯುವಾಗ ಮಾಂಸದ ಎಳೆ ಯಾವ ಕಡೆ ಓಡುತ್ತದೆ ಎಂಬುದನ್ನು ನೋಡಿ ಉರುಳೆಯನ್ನು ತಟ್ಟೆಯಲ್ಲಿ ಇಡಬೇಕು. ಪಸಂದೆಗೆ, ಪತ್ಥರ್ ಕಾ ಗೋಷ್ತ್‌ಗೆ ಎಳೆಗೆ ಅಡ್ಡವಾಗಿ. ಆಗ ಎಳೆಗಳು ಚಿಕ್ಕದಾಗಿ ತುಂಡಾಗಿ ಹೋಳು ಬಾಯಲ್ಲಿ ಬಿಡಿಸಿಕೊಳ್ಳುತ್ತದೆ. ಪಸಂದೆಗೆ ಐದಾರು ಮಿಲಿಮೀಟರ್ ಕೊಯ್ದು ಆಮೇಲೆ ಬಡಿಯಿರಿ, ಕಲ್ಲಿನ ಮೇಲೆ ಸುಡುವುದಕ್ಕೆ ಆರರಿಂದ ಎಂಟು. ಒಣಗಿಸುವ ಖಂಡಕ್ಕೆ ಲೆಕ್ಕ ತಿರುವುಮುರುವು: ಎಳೆಯ ಗುಂಟವೇ ಕೊಯ್ಯಬೇಕು, ನಾಲ್ಕೈದು ಮಿಲಿಮೀಟರ್. ಅಡ್ಡ ಕೊಯ್ದ ಹೋಳನ್ನು ಹಗ್ಗಕ್ಕೆ ತೂಗುಹಾಕಿದರೆ ಒಣಗುವ ಮೊದಲೇ ಹರಿದು ಬೀಳುತ್ತದೆ. ಅಜ್ಜಿಯರು ಒಂದೇ ತುಂಡನ್ನು ಬಿಚ್ಚುತ್ತಾ ಬಿಚ್ಚುತ್ತಾ ಮಾರುದ್ದದ ಪಟ್ಟಿ ತೆಗೆಯುವ ಕೈಚಳಕ ಈ ಯಂತ್ರಕ್ಕೆ ಬರುವುದಿಲ್ಲ. ನಿಮಗೆ ಅಂಗೈಯುದ್ದದ ಪಟ್ಟಿಗಳು ಸಿಗುತ್ತವೆ, ದಾರಕ್ಕೆ ಪೋಣಿಸಿ ಹಾಕಬೇಕಾಗುತ್ತದೆ. ಕೊನೆಯ ಎರಡು ಮೂರು ಸೆಂಟಿಮೀಟರ್ ಉಳಿದಾಗ ಯಂತ್ರ ನಿಲ್ಲಿಸಿ. ಅದು ಖೀಮಾಕ್ಕೆ ಹೋಗಲಿ. ಮಾಂಸವನ್ನು ಒತ್ತುವ ಹಿಡಿಕೆಯನ್ನು ಬದಿಗಿಟ್ಟು ಬೆರಳಿನಿಂದ ತಳ್ಳಿದವರೇ ಬೆರಳು ಕಳೆದುಕೊಳ್ಳುವುದು.

ಬಕ್ರೀದ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. 2025ರಲ್ಲಿ ಜೂನ್ ಮೊದಲ ವಾರದಲ್ಲಿತ್ತು, 2026ಕ್ಕೆ ಮೇ ಕೊನೆಗೆ ಬಂತು, ಮುಂದಿನ ಕೆಲವು ವರ್ಷ ನಡುಬೇಸಿಗೆಯಲ್ಲೇ ಇರುತ್ತದೆ. ಹೊರಗೆ 32 ಡಿಗ್ರಿ ದಾಟಿದರೆ ಹಸಿ ಮಾಂಸವನ್ನು ಒಂದು ತಾಸಿಗಿಂತ ಹೆಚ್ಚು ಹೊರಗಿಡಬಾರದು ಎಂಬುದು ಆಹಾರ ಸುರಕ್ಷತೆಯ ಒಪ್ಪಿತ ನಿಯಮ, ನಮ್ಮಲ್ಲಿ ಮೇ ತಿಂಗಳ ಮಧ್ಯಾಹ್ನ 40 ದಾಟಿರುತ್ತದೆ. ಬೆಳಗಿನ ತಂಪಿನಲ್ಲಿ ಕೊಯ್ಯಲು ಕೂತರೆ ಮಾಂಸಕ್ಕೂ ಮೋಟಾರಿಗೂ ಒಳ್ಳೆಯದು.

ತೊಳೆಯುವ ಕೆಲಸವನ್ನು ಊಟದ ನಂತರಕ್ಕೆ ತಳ್ಳಬೇಡಿ. ಸ್ಲೈಸರ್ ಸಂದಿಗಳಲ್ಲಿ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಮನೆ ಮಾಡುತ್ತದೆ, ಅದು ಫ್ರಿಜ್ಜಿನ ತಂಪಿನಲ್ಲೂ ಬೆಳೆಯುವ ಜಾತಿ. ಪ್ಲಗ್ ಕಿತ್ತು, ತಿರುಗುಗುಂಡಿಯನ್ನು ಸೊನ್ನೆಗೆ ತಂದು ಬ್ಲೇಡಿನ ಅಂಚನ್ನು ಫಲಕದ ಹಿಂದೆ ಮರೆಮಾಡಿ, ಕೈಗವಸು ತೊಟ್ಟು ಬ್ಲೇಡು ಬಿಚ್ಚಿ. ನಡುವಿನಿಂದ ಅಂಚಿನ ಕಡೆಗೆ ಒರೆಸಬೇಕು, ಅಂಚಿನ ಗುಂಟ ಅಲ್ಲ. ಬಿಸಿನೀರು, ಸಾಬೂನು, ಆಮೇಲೆ ಒಣ ಬಟ್ಟೆ. ಬ್ಲೇಡನ್ನು ನೀರು ತುಂಬಿದ ಬೋಗುಣಿಯಲ್ಲಿ ಮುಳುಗಿಸಿಡಬೇಡಿ, ನೊರೆಯಡಿಯಲ್ಲಿ ಕಾಣದ ಬ್ಲೇಡಿಗೆ ಇನ್ನೊಬ್ಬರು ಕೈ ಹಾಕುತ್ತಾರೆ. ಹಸಿ ಮಾಂಸ ಕೊಯ್ದ ಯಂತ್ರವನ್ನು ಹೀಗೆ ತೊಳೆಯದೆ ಬ್ರೆಡ್ಡಿಗೋ ಪನೀರಿಗೋ ಹಚ್ಚಲೇಬಾರದು.

ತಟ್ಟೆ ಸರಿಯುವ ಸರಳಿಗೆ ಆಗಾಗ ಒಂದೆರಡು ಹನಿ ಎಣ್ಣೆ ಬೇಕು. ನಮ್ಮ ಮನೆಗಳಲ್ಲಿ ಕೈಗೆ ಮೊದಲು ಸಿಗುವುದು ಕುಸುಬೆ ಎಣ್ಣೆ. ಅದನ್ನು ಹಾಕಬೇಡಿ. ಕುಸುಬೆ ಎಣ್ಣೆ ಗಾಳಿಗೆ ತೆರೆದಿಟ್ಟರೆ ಒಣಗಿ ಅಂಟಾಗುತ್ತದೆ, ಬಣ್ಣ ತಯಾರಿಕೆಯಲ್ಲಿ ಅದನ್ನು ಬಳಸುವುದೇ ಈ ಗುಣಕ್ಕಾಗಿ. ಎರಡು ತಿಂಗಳಲ್ಲಿ ತಟ್ಟೆ ಸರಳಿಗೆ ಕಚ್ಚಿಕೊಂಡು ನಿಲ್ಲುತ್ತದೆ. ಔಷಧಿ ಅಂಗಡಿಯಲ್ಲಿ ಲಿಕ್ವಿಡ್ ಪ್ಯಾರಾಫಿನ್ ಸಣ್ಣ ಬಾಟಲಿ ಸಿಗುತ್ತದೆ, ಅದು ಒಣಗುವುದಿಲ್ಲ, ಕೆಡುವುದಿಲ್ಲ, ವರ್ಷಗಟ್ಟಲೆ ಬರುತ್ತದೆ.